ಕೊತ್ತ, ಕೊಟ್ಟ

ಸುಮ್ಮನೆ ಕಾಯುವುದೆಂದರೆ ನನಗೆ ಆಗಿಬರದು. ಬಸ್ಸಿಗೆ ಕಾಯುವಾಗಲೂ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿರುತ್ತೇನೆ. ಅಂಥವಳು ನಮ್ಮ ಆಫೀಸಿನಲ್ಲಿ ಬರೆದ ಸಾಫ್ಟ್‌ವೇರಿನ ಕೋಡನ್ನು ಎಲ್ಲಿಡಬೇಕು ಎಂಬ ಒಂದೇ ಒಂದು ತೀರ್ಮಾನಕ್ಕಾಗಿ ಇಡೀ ಬೇಸಿಗೆ ಕಾದೆ. ಇವತ್ತು ನೆನೆದರೂ ಕಾಲು ಚಡಪಡಿಸುತ್ತದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಚಿಕ್ಕಬಳ್ಳಾಪುರದಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲೆ ಒಂದೇ ಕೋಣೆಯ ಆಫೀಸು, ಮೂರೇ ಜನ. ಯಜಮಾನರು ನನ್ನ ಸೋದರತ್ತೆಯ ಮಗ, ನನಗೆ ಭಾವ. ಇನ್ನೊಬ್ಬ ನನ್ನ ವಾರಿಗೆಯವನು, ಗೌರಿಬಿದನೂರಿನವನು. ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಹಳ್ಳಿಗಳ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಹಾಲು ಸುರಿದ ಕೂಡಲೇ ಅಳತೆ, ದರ ಗೊತ್ತುಮಾಡುವ ಫ್ಯಾಟು ಎಲ್ಲ ಕಂಪ್ಯೂಟರಿಗೆ ಬಂದು, ಹಾಕಿದವರ ಕೈಗೆ ಅಚ್ಚಾದ ಚೀಟಿ ಬರಬೇಕು. ಏನಾದರೂ ತಿದ್ದಿದರೆ ಸೀಡಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆವು.

ಕೋಡ್ ಇರುತ್ತಿದ್ದದ್ದು ಭಾವನ ಕಂಪ್ಯೂಟರಿನ ಫೋಲ್ಡರುಗಳಲ್ಲಿ. ಹೊಸದು, ಹೊಸದು ಸರಿಯಾದದ್ದು, ಇದೇ ಕೊನೆ, ಇದೇ ಕೊನೆ ಎರಡು. ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಯಾವುದನ್ನು ಯಾರು ಯಾವಾಗ ತಿದ್ದಿದರು ಎಂಬುದು ಆ ದೇವರಿಗೇ ಗೊತ್ತು. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡೋಣ, ಪ್ರತಿಯೊಂದು ತಿದ್ದುಪಡಿಯೂ ಹೆಸರು ತಾರೀಖಿನ ಸಮೇತ ಅಲ್ಲಿ ಉಳಿಯಲಿ, ಹಳ್ಳಿಗೆ ಹೋಗುವ ಸೀಡಿ ಪರೀಕ್ಷೆಯಾದ ಮೇಲೆ ಅಲ್ಲಿಂದಲೇ ಹೊರಡಲಿ ಎಂದು ನಾನು ಹೇಳಿ ಹೇಳಿ ಸಾಕಾಗಿದ್ದೆ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತಿತ್ತು.

"ಎದುರುಬದುರು ಕೂತಿರೋ ಮೂರು ಜನಕ್ಕೆ ಅದೆಲ್ಲ ಯಾಕಮ್ಮ? ಬಾಯಿಬಿಟ್ಟು ಕೇಳಿದ್ರೆ ಆಯ್ತಪ್ಪ," ಎನ್ನುವರು ಭಾವ. ಇನ್ನೊಂದು ದಿನ, "ಅಮೆರಿಕದಲ್ಲಿ ಬಾಡಿಗೆಗೆ ಜಾಗ ಕೊಡ್ತಾರಂತೆ, ಅಲ್ಲೇ ಇಡಣ ಬಿಡು," ಎನ್ನುವರು. ನಾಲ್ಕು ಹನಿ ಬಿದ್ದರೆ ಫೋನ್ ಲೈನು ಸತ್ತುಹೋಗುವ ಊರಿನಲ್ಲಿ ಅಮೆರಿಕವಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವಷ್ಟರಲ್ಲಿ ಫೋನು. ಜಂಗಮಕೋಟೆ ಪಕ್ಕದ ಒಂದು ಹಳ್ಳಿಯ ಡೈರಿ ಸೆಕ್ರೆಟರಿ. ಆ ಕುರ್ಚಿಗೆ ಬಂದ ಮೊದಲ ಹೆಂಗಸು ಆಕೆ. ಕಮಿಟಿಯ ಕೆಲವು ಗಂಡಸರಿಗೆ ಅದು ನುಂಗಲಾರದ ತುತ್ತು. ಅವರೊಂದಿಗೆ ಜಗಳವಾಡಿ ನಮ್ಮಿಂದ ಕಂಪ್ಯೂಟರ್ ತರಿಸಿದವರೂ ಆಕೆಯೇ.

"ಏನು ಮೇಡಂ ಇದು! ಮುಂದೆ ನಿಂತೋರ ಫ್ಯಾಟು ಹಿಂದಿನೋರ ಚೀಟೀಲಿ ಬರ್ತೈತೆ. ನೀರು ಬೆರೆಸ್ದೋರಿಗೆ ಯೋಗ, ಗಟ್ಟಿ ಹಾಲು ಹಾಕ್ದೋರಿಗೆ ಪಂಗನಾಮ. ನಾನೇ ಬೇಕಂತ ಮಾಡಿದೀನಿ ಅಂತ ಕೂಗಾಡ್ತಾವ್ರೆ. ಸಾಯಂಕಾಲದ ಹಾಲಿಗೂ ಹಿಂಗೇ ಆದ್ರೆ ಕಂಪ್ಯೂಟ್ರನ್ನೂ ನನ್ನೂ ಒಟ್ಟಿಗೆ ಆಚೆಗೆ ಹಾಕ್ತಾರಂತೆ."

ಹಿಂದಿನ ದಿನ ಭಾವ ಅಲ್ಲಿಗೆ ಹೋಗಿ, ವೈರಸ್ಸು ಬಂದಿದೆಯೆಂದು ಎಲ್ಲ ಅಳಿಸಿ, ಸಾಫ್ಟ್‌ವೇರನ್ನು ಮತ್ತೆ ಹಾಕಿ ಬಂದಿದ್ದರು. "ಯಾವುದನ್ನ ಹಾಕಿದ್ರಿ?" ಎಂದೆ.

"ಕೊಟ್ಟ ಅಂತ ಒಂದು ಫೋಲ್ಡರ್ ಇತ್ತಲ್ಲ, ಅದನ್ನೇ. ಕೊಟ್ಟಿದ್ದನ್ನೇ ಮತ್ತೆ ಕೊಟ್ರೆ ಮೋಸ ಇಲ್ಲ ಅಂತ."

ಗೌರಿಬಿದನೂರಿನವನು ತಲೆಯ ಮೇಲೆ ಕೈ ಹೊತ್ತ. "ಅಯ್ಯೋ ದೇವುಡಾ! ಅದು ಕೊಟ್ಟ ಅಲ್ಲಣ್ಣ, ಕೊತ್ತ! ತೆಲುಗಲ್ಲಿ ಹೊಸದು ಅಂತ! ಅರ್ಧಂಬರ್ಧ ಬರ್ದು ಇಟ್ಟಿದ್ದೆ ಕಣಣ್ಣ!"

ಇಂಗ್ಲಿಷ್ ಅಕ್ಷರದಲ್ಲಿ ಎರಡಕ್ಕೂ ಒಂದೇ ಸ್ಪೆಲ್ಲಿಂಗು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. "ಸರಿ, ಹಳೇದೆಲ್ಲಿ?" ಎಂದೆ. ಭಾವ ಫೋಲ್ಡರ್ ತೆಗೆದು ತೋರಿಸಿದರು. ಎರಡೆರಡು ಯಾಕೆಂದು ಹಳೆಯದರ ಮೇಲೆಯೇ ಇದನ್ನು ಕಾಪಿ ಮಾಡಿಬಿಟ್ಟಿದ್ದರು. ಉಳಿದ ಫೋಲ್ಡರು, ಸೀಡಿಗಳಲ್ಲಿ ಇದ್ದದ್ದೆಲ್ಲ ಇನ್ನೂ ಹಿಂದಿನ ಅರೆಬರೆ ಪ್ರತಿಗಳು. ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಕೋಡ್ ನಮ್ಮ ಆಫೀಸಿನಲ್ಲಿ ಎಲ್ಲೂ ಇರಲಿಲ್ಲ.

ಸಾಫ್ಟ್‌ವೇರಿನ ಸರಿಯಾದ ಪ್ರತಿ ಜೀವಂತವಾಗಿ ಉಳಿದದ್ದು ಪೆರೇಸಂದ್ರದ ಆಚೆಯ ಇನ್ನೊಂದು ಡೈರಿಯಲ್ಲಿ ಮಾತ್ರ. ಗೌರಿಬಿದನೂರಿನವನು ಭಾವನ ಬೈಕು ಹತ್ತಿ ಅತ್ತ ಓಡಿದ. ಜಂಗಮಕೋಟೆ ಕಡೆಯ ಆ ಹಳ್ಳಿಯ ಜನರನ್ನು ಸಮಾಧಾನ ಮಾಡಲು ನಾನು ಶಿಡ್ಲಘಟ್ಟದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಭಾವನನ್ನು ಮನಸ್ಸಿನಲ್ಲೇ ಬೈದೆ. ನಿನ್ನೆ ಬರೆದದ್ದನ್ನು ಹುಡುಕಿಕೊಂಡು ಊರೂರು ಸುತ್ತುವ ಕರ್ಮ ನಮಗಲ್ಲದೆ ಇನ್ಯಾರಿಗೆ ಬಂದೀತು?

ಸಾಯಂಕಾಲ ಡೈರಿಯ ಮುಂದೆ ಕ್ಯಾನುಗಳ ಸಾಲು ಆಗಲೇ ಬೆಳೆದಿತ್ತು. ತಪ್ಪು ನಮ್ಮದು, ಸೆಕ್ರೆಟರಿಯದಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಗೌರಿಬಿದನೂರಿನವನ ಫೋನು ಬಂತು. ಆ ಊರಿನ ಡೈರಿಯ ಬೀಗದ ಕೈ ಸಮೇತ ಅಲ್ಲಿಯ ಸೆಕ್ರೆಟರಿ ಯಾರದೋ ಸೀಮಂತಕ್ಕೆ ಹೋಗಿದ್ದರಂತೆ. ಈಗಷ್ಟೇ ಸಿಕ್ಕರು, ಸೀಡಿ ಹಿಡಿದು ಹೊರಟಿದ್ದೇನೆ ಎಂದ.

"ಇನ್ನು ಸ್ವಲ್ಪ ಹೊತ್ತು ತಡೀರಿ ಅಕ್ಕ, ಬಂದೇಬಿಡ್ತಾನೆ," ಎಂದೆ.

"ಹಾಲಿನ ಲಾರಿ ತಡೀತದಾ ಮೇಡಂ? ನೀವು ನಾಳೆ ಸರಿ ಮಾಡೇ ಮಾಡ್ತೀರ. ಈಗ ಇವ್ರ ಮುಂದೆ ನಿಂತ್ಕೋಬೇಕಾಗಿರೋಳು ನಾನು."

ಆಕೆ ಕಂಪ್ಯೂಟರ್ ಆಫ್ ಮಾಡಿ, ಕೈಯಲ್ಲೇ ಚೀಟಿ ಬರೆಯಲು ಕೂತರು. ಕಮಿಟಿಯ ಹಿರಿಯನೊಬ್ಬ ಮುಂದೆ ಬಂದು, "ಬೆಳಗಿನ ಲೆಕ್ಕಾನೇ ಹಿಂಗೆ, ಇನ್ನು ನೀನು ಬರ್ದಿದ್ದನ್ನ ಯಾರಮ್ಮ ನಂಬ್ತಾರೆ? ಏಳು," ಎಂದ. ಆಕೆ ಸಾಲಿನತ್ತ ನೋಡಿದರು. ಮುಂದೆ ನಿಂತವರು ಕ್ಯಾನು ಎತ್ತಿಕೊಂಡು ಆ ಹಿರಿಯನ ಕಡೆ ತಿರುಗಿದರು. ಆಕೆ ಎದ್ದು ಸೆರಗು ಕೊಡವಿಕೊಂಡು ಹೊರಟೇಬಿಟ್ಟರು. ನನಗೆ ಅಳು ನುಗ್ಗಿ ಬಂತು, ಸಿಟ್ಟೂ ಬಂತು. ಯಾರ ಮೇಲೆ ತೋರಿಸುವುದೋ ತಿಳಿಯಲಿಲ್ಲ. ಬೈಕು ಬಂದು ನಿಲ್ಲುವ ಹೊತ್ತಿಗೆ ಲಾರಿ ಹೋಗಿತ್ತು. ಸೀಡಿ ಹಾಕಿ ಓಡಿಸಿದೆವು, ಒಂದು ಚೂರೂ ತಪ್ಪಿಲ್ಲದೆ ಓಡಿತು. ನೋಡಲು ನಾವಿಬ್ಬರೇ ಇದ್ದೆವು.

ಮರುದಿನ ಭಾವ ತಾವೇ ಮೂಲೆಯ ಕಂಪ್ಯೂಟರಿನ ಧೂಳು ಒರೆಸಿದರು. ಆದರೂ ಒಂದು ಅನುಮಾನ: "ಕರೆಂಟು ಹೋದ್ರೆ?" ಅದಕ್ಕಾಗಿಯೇ ನಾನು ಹೊಸ ಬಗೆಯ ಸಾಫ್ಟ್‌ವೇರ್ ಒಂದನ್ನು ಆರಿಸಿಕೊಂಡೆ. ಅದರಲ್ಲಿ ಸರ್ವರಿನಲ್ಲಿ ಇರುವುದೆಲ್ಲ, ಹಿಂದಿನ ತಿದ್ದುಪಡಿಗಳ ಸಮೇತ, ಮೂವರ ಕಂಪ್ಯೂಟರಿನಲ್ಲೂ ಪೂರ್ತಿಯಾಗಿ ಇರುತ್ತದೆ. ಒಂದು ಕೆಟ್ಟರೂ ಉಳಿದವುಗಳಲ್ಲಿ ಸಿಗುತ್ತದೆ. ಪರೀಕ್ಷೆ ದಾಟದೆ ಸೀಡಿ ಹೊರಡದಂತೆಯೂ ಕಟ್ಟುಪಾಡು ಮಾಡಿದೆವು.

"ನೀನೇ ಗೆದ್ದೆ ಕಣಮ್ಮ," ಎಂದರು ಭಾವ.

"ಗೆಲುವಂತೆ! ಸುಮ್ನಿರಿ ಭಾವ," ಎಂದು ರೇಗಿಬಿಟ್ಟೆ.

ಕಂಪ್ಯೂಟರ್ ವಾಪಸ್ ತಗೊಂಡು ಹೋಗಿ ಎಂದು ಆ ಡೈರಿಯಿಂದ ಹೇಳಿ ಕಳಿಸಿದಾಗ ನಾನೇ ಹೋದೆ. ಕುರ್ಚಿಯಲ್ಲಿ ಆ ಹಿರಿಯ ಕೂತು ಕೈಯಲ್ಲಿ ಚೀಟಿ ಬರೆಯುತ್ತಿದ್ದ. ಆಕೆ ಸಾಲಿನ ನಡುವೆ, ಎಲ್ಲರಂತೆ, ಕ್ಯಾನು ಹಿಡಿದು ನಿಂತಿದ್ದರು. ನನ್ನನ್ನು ನೋಡಿ ನಕ್ಕರು.

"ನಿಮ್ಮದು ಸರಿಯಾಯ್ತಾ ಮೇಡಂ?"

"ಆಯ್ತು ಅಕ್ಕ. ಇನ್ನು ಯಾವ ಊರಲ್ಲೂ ಹಂಗಾಗಲ್ಲ."

"ಒಳ್ಳೇದಾಯ್ತು ಬಿಡಿ," ಎಂದರು. ಮುಂದಿನವರ ಹಾಲು ಮುಗಿದಿತ್ತು. ಕ್ಯಾನು ಎತ್ತಿಕೊಂಡು ಒಂದು ಹೆಜ್ಜೆ ಮುಂದಕ್ಕೆ ಸರಿದರು.