ಸಂಕೋಚಪ್ಪನವರು ಎಳೆಸಿದ ಕೇಬಲ್ಲು

ಸಂಕೋಚಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಫೀಸಿನವರು ಇಟ್ಟದ್ದು. ಮನೆಯವರಿಗೂ ಸರಿ ಅನ್ನಿಸಿ ಅದೇ ಉಳಿದುಬಿಟ್ಟಿತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಅಡ್ಡ ಇಟ್ಟದ್ದು ತಮ್ಮದೇ ತಪ್ಪು ಎಂಬಂತೆ ಇವರೇ ಕ್ಷಮೆ ಕೇಳುವರು. ಒಮ್ಮೆ ಕಟಿಂಗ್ ಅಂಗಡಿಯವನು ಮಾತಿನ ಭರದಲ್ಲಿ ಅರ್ಧ ಮೀಸೆ ಹಾರಿಸಿದಾಗ, "ಪರವಾಗಿಲ್ಲ, ಇನ್ನರ್ಧಾನೂ ತೆಗೆದುಬಿಡಿ, ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದು ಬೋಳು ಮೂತಿ ಹೊತ್ತುಕೊಂಡು ಮನೆಗೆ ಬಂದಿದ್ದರು. ಹೆಂಡತಿ ಬಾಗಿಲು ತೆರೆದವಳು ಒಂದು ಕ್ಷಣ ಯಾರೋ ಅಂದುಕೊಂಡಳಂತೆ.

ಇಂಥವರಿಗೆ ಸಿಕ್ಕಿದ್ದು ಜೋಡಿಸುವ ಕೆಲಸ. ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು, ಕಾಲೇಜುಗಳು ತಮ್ಮತಮ್ಮೊಳಗೆ ಮಾಹಿತಿ ಕಳಿಸಿಕೊಳ್ಳಲು ಒಂದು ಪ್ರತ್ಯೇಕ ನೆಟ್‌ವರ್ಕ್ ಇತ್ತು. ಅದನ್ನು ನೋಡಿಕೊಳ್ಳುವ ಪುಟ್ಟ ಆಫೀಸಿನಲ್ಲಿ ಅವರು ಎಂಜಿನಿಯರ್. ಯಂತ್ರಕ್ಕೆ ಯಂತ್ರ ಜೋಡಿಸು ಅಂದರೆ ಕಣ್ಣು ಮುಚ್ಚಿ ಜೋಡಿಸುವರು. ಯಂತ್ರದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನನ್ನು ಒಂದು ಮಾತು ಕೇಳಬೇಕು ಅಂದರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುವುದು.

ಎಲ್ಲ ಶುರುವಾಗಿದ್ದು ಕಪ್ಪೆ ಮೇಡಂ ಅವರಿಂದ. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್. ಕೆರೆ, ಹೊಂಡ, ಚರಂಡಿ ಒಂದನ್ನೂ ಬಿಡದೆ ಮೈಕ್ ಇಟ್ಟು ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡಿಸಿದ್ದರು. ಯಾವ ಕಪ್ಪೆ ಯಾವ ಜಾತಿಯದು, ಒಟ್ಟು ಎಷ್ಟಿವೆ ಎಂದು ಗುರುತಿಸುವ ಲೆಕ್ಕಾಚಾರ ನಡೆಯುತ್ತಿದ್ದುದು ದೂರದಿಂದಲೇ ಬಳಸಲು ಬಾಡಿಗೆಗೆ ಕೊಡುವ ಒಂದು ದೊಡ್ಡ ಕ್ಲೌಡ್ ಕಂಪನಿಯ ಕಂಪ್ಯೂಟರುಗಳಲ್ಲಿ. ಕೂಗೆಲ್ಲ ಅಲ್ಲಿಗೆ ಹೋಗಬೇಕು. ಹೋಗುತ್ತಿತ್ತು, ಆದರೆ ಆಮೆಯ ಹಾಗೆ. ಅರ್ಧ ದಾರಿಯಲ್ಲಿ ಕಡಿದುಹೋಗಿ ಮತ್ತೆ ಮೊದಲಿಂದ.

"ರೀ ನೆಟ್‌ವರ್ಕಿನವರೇ," ಎಂದು ಅವರು ಒಂದು ಬೆಳಿಗ್ಗೆ ಆಫೀಸಿಗೇ ನುಗ್ಗಿದರು. "ನನ್ನ ಕಪ್ಪೆಗಳು ಎಲ್ಲಿ ಸಿಕ್ಕಿಹಾಕಿಕೊಂಡಿವೆ? ಕುಪ್ಪಳಿಸಿಕೊಂಡು ಹೋಗಿದ್ರೂ ಇಷ್ಟೊತ್ತಿಗೆ ತಲುಪ್ತಿದ್ವು."

ಸಂಕೋಚಪ್ಪನವರು ನಡೆಯುತ್ತಿದ್ದುದನ್ನು ತೆರೆ ಮೇಲೆ ತೋರಿಸಿದರು. ಕ್ಲೌಡ್ ಕಂಪನಿಯ ಯಂತ್ರಗಳೂ ಇವರ ಯಂತ್ರಗಳೂ ಇದ್ದದ್ದು ಇಂಥ ಯಂತ್ರಗಳನ್ನು ಇಡಲೆಂದೇ ಕಟ್ಟಿದ ಒಂದೇ ಕಟ್ಟಡದಲ್ಲಿ, ಒಂದೇ ಹಜಾರದಲ್ಲಿ. ನಡುವೆ ಇದ್ದದ್ದು ಒಂದು ತಂತಿಬಲೆಯ ಗೋಡೆ. ಆದರೆ ಎರಡಕ್ಕೂ ನೇರ ಸಂಪರ್ಕವಿರಲಿಲ್ಲ. ಹಾಗಾಗಿ ಕಪ್ಪೆಗಳ ಕೂಗು ಸಮುದ್ರ ದಾಟಿ, ಬೇರೆ ದೇಶವೊಂದನ್ನು ಸುತ್ತಿ, ಮತ್ತೆ ಸಮುದ್ರ ದಾಟಿ, ಬಲೆಯ ಆಚೆ ಬದಿಗೆ ಬರುತ್ತಿತ್ತು.

ಮೇಡಂ ತೆರೆಯನ್ನು ನೋಡಿದರು, ಇವರನ್ನು ನೋಡಿದರು. "ಒಂದು ಕೇಬಲ್ ಎಳೆದರೆ ಮುಗೀತಲ್ಲ?"

"ಮುಗಿಯುತ್ತೆ ಮೇಡಂ. ಆದರೆ ಆಚೆಯವರು ಒಪ್ಪಬೇಕು."

"ಕೇಳಿದ್ರಾ?"

"ಬರೆದಿದ್ದೀನಿ," ಅಂದರು ಸಂಕೋಚಪ್ಪನವರು.

ಬರೆದದ್ದೇನೋ ನಿಜ. ತಿಂಗಳುಗಟ್ಟಲೆ ಬರೆದಿದ್ದರು. ಬರೆದಾಗಲೆಲ್ಲ ಕಂಪನಿಯ ಯಂತ್ರವೊಂದು ತಕ್ಷಣ ಉತ್ತರಿಸುತ್ತಿತ್ತು: ನಿಮ್ಮ ಕೋರಿಕೆ ನಮಗೆ ಅಮೂಲ್ಯ. ಕೆಲವು ದಿನ ಬಿಟ್ಟು ಅದೇ ಯಂತ್ರ ಮತ್ತೆ ಬರೆಯುತ್ತಿತ್ತು: ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸಿ ಮುಗಿಸಿದ್ದೇವೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಸಂಕೋಚಪ್ಪನವರು ಪ್ರತಿ ಸಲವೂ ಐದಕ್ಕೆ ಐದು ಕೊಡುತ್ತಿದ್ದರು. ಕಮ್ಮಿ ಕೊಟ್ಟರೆ ಯಾರ ಮನಸ್ಸಿಗೆ ನೋವಾಗುತ್ತದೋ ಏನೋ. ಐದು ಕೊಟ್ಟು, ಧನ್ಯವಾದ ಹೇಳಿ, ಮತ್ತೆ ಹೊಸದಾಗಿ ಕೋರಿಕೆ ಬರೆಯುತ್ತಿದ್ದರು.

ಆ ಸಂಜೆ ಹೆಂಡತಿಯ ಬಲವಂತಕ್ಕೆ ಕಂಪನಿಗೆ ಫೋನ್ ಮಾಡಿದರು. ಮಾಡುತ್ತಾ ಎದ್ದು ನಿಂತರು.

"ಕೂತ್ಕೊಂಡು ಮಾತಾಡಿ, ಅವರಿಗೇನು ಕಾಣುತ್ತಾ?" ಅಂದಳು ಹೆಂಡತಿ.

ಒಂದು ಒತ್ತಿ, ಎರಡು ಒತ್ತಿ ಅನ್ನುವ ಹೆಣ್ಣುದನಿಗೆ ಇವರು "ಸರಿ ತಾಯಿ", "ಆಗಲಿ ತಾಯಿ" ಅನ್ನುತ್ತಾ ಹೇಳಿದ್ದನ್ನೆಲ್ಲ ಒತ್ತಿದರು. ಕೊನೆಗೆ ಆ ದನಿ, ನಮ್ಮ ಸಿಬ್ಬಂದಿ ಎಲ್ಲರೂ ಬಿಡುವಿಲ್ಲದೆ ಇದ್ದಾರೆ ಅಂದಿತು. "ಅಯ್ಯೋ, ಪಾಪ, ಇರಲಿ ಬಿಡಿ," ಎಂದು ಇವರು ಫೋನ್ ಇಟ್ಟುಬಿಟ್ಟರು. ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಳು.

ಕಪ್ಪೆ ಮೇಡಂ ಬಿಡುವ ಪೈಕಿ ಅಲ್ಲ. ಆ ತಂತಿಬಲೆಯನ್ನು ಕಣ್ಣಾರೆ ನೋಡಲೇಬೇಕು ಎಂದು ಹಟ ಹಿಡಿದರು. ಸಂಕೋಚಪ್ಪನವರು ಅನುಮತಿ ಪಡೆದು ಕರೆದುಕೊಂಡು ಹೋದರು. ಒಳಗೆ ಮೈ ಕೊರೆಯುವ ಚಳಿ. ಸಾಲುಸಾಲು ಬೀರುಗಳಂಥ ಕಪ್ಪು ಯಂತ್ರಗಳು, ಅವುಗಳ ಫ್ಯಾನುಗಳ ಭೋರ್ಗರೆತ. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಬಲೆಯ ಆಚೆ ಉದ್ದ ಗಡ್ಡದವರೊಬ್ಬರು ಸ್ಟೂಲಿನ ಮೇಲೆ ಕೂತು ಯಾವುದೋ ತಿರುಪು ಬಿಗಿಯುತ್ತಿದ್ದರು.

"ಅವರು ಯಾರು?" ಮೇಡಂ ಇವರ ಕಿವಿಯಲ್ಲಿ ಕೂಗಿದರು.

"ಕ್ಲೌಡ್ ಕಂಪನಿಯವರು."

"ಪರಿಚಯ ಇದೆಯಾ?"

"ಹತ್ತು ವರ್ಷದಿಂದ."

"ಮತ್ತೆ ಅವರನ್ನೇ ಕೇಳಬಹುದಲ್ಲ! ಏನು ಮಾತಾಡ್ತೀರಿ ಅವರ ಹತ್ತಿರ?"

"ಮಾತಾಡಿಲ್ಲ ಮೇಡಂ. ಅವರು ತಲೆ ಆಡಿಸ್ತಾರೆ. ನಾನೂ ಆಡಿಸ್ತೀನಿ."

ಮೇಡಂ ಸ್ವಲ್ಪ ಹೊತ್ತು ಇವರನ್ನು ಹೊಸ ಜಾತಿಯೊಂದು ಸಿಕ್ಕಿತೇನೋ ಅನ್ನುವ ಹಾಗೆ ದಿಟ್ಟಿಸಿದರು. "ನೋಡಿ, ನಾನು ಜೀವನವೆಲ್ಲ ಕಪ್ಪೆ ನೋಡ್ಕೊಂಡು ಬಂದವಳು. ಕೂಗದೆ ಮುದುರಿ ಕೂತ ಗಂಡುಕಪ್ಪೆ ಇಡೀ ಮಳೆಗಾಲ ಒಂಟಿಯಾಗೇ ಇರುತ್ತೆ. ಕೂಗ್ರೀ!"

ಸಂಕೋಚಪ್ಪನವರಿಗೆ ಆ ಚಳಿಯಲ್ಲೂ ಬೆವರು. ಬಲೆಯ ಹತ್ತಿರ ಹೋಗಿ, "ಸ್ವಾಮಿ," ಅಂದರು. ಫ್ಯಾನು ನುಂಗಿತು. "ಸ್ವಾಮೀ!" ಅಂದರು. ಗಡ್ಡದವರು ತಲೆ ಎತ್ತಿ, ವಾಡಿಕೆಯಂತೆ ಆಡಿಸಿ, ಮತ್ತೆ ತಿರುಪಿಗೆ ಬಿದ್ದರು. ಆಗ ಇವರೊಳಗೆ ಅದೇನು ಕೆರಳಿತೋ, ಎರಡೂ ಕೈಯಲ್ಲಿ ಬಲೆ ಹಿಡಿದು ಅಲ್ಲಾಡಿಸುತ್ತಾ, "ರೀ ಗಡ್ಡದವರೇ! ನಮಗೂ ನಿಮಗೂ ಒಂದು ಕೇಬಲ್ ಎಳೆಯೋಣ ಅಂತ ಎಷ್ಟು ದಿನದಿಂದ ಬಡ್ಕೊಳ್ತಿದ್ದೀನಿ, ಕಿವಿ ಕೇಳಿಸಲ್ವೇನ್ರೀ!" ಎಂದು ಅರಚಿದರು.

ಜಗಳ ಅಂದುಕೊಂಡು ಕಾವಲುಗಾರ ಓಡಿಬಂದ. ಗಡ್ಡದವರ ಕೈಯಿಂದ ತಿರುಪು ಜಾರಿ ನೆಲದ ಸಂದಿಗೆ ಬಿತ್ತು. ಅವರು ಬಲೆಯ ಹತ್ತಿರ ಬಂದು, ಇವರ ಎದೆ ಮೇಲಿನ ಗುರುತಿನ ಚೀಟಿ ಓದಿ, ಕಣ್ಣರಳಿಸಿದರು.

"ಅಯ್ಯೋ! ಐದು ನಕ್ಷತ್ರದವರು ನೀವೇನಾ? ನಮ್ಮ ಆಫೀಸಿನ ಗೋಡೆ ಮೇಲೆ ನಿಮ್ಮ ಹೆಸರು ಹಾಕಿದ್ದಾರೆ! ನಮ್ಮ ಅತ್ಯಂತ ಸಂತೃಪ್ತ ಗ್ರಾಹಕರು ಅಂತ!"

"ಕೆಲಸವೇ ಆಗಿಲ್ಲ," ಅಂದರು ಸಂಕೋಚಪ್ಪನವರು.

"ಐದು ಕೊಟ್ಟರೆ ಹೇಗೆ ಆಗುತ್ತೆ? ಕೆಲಸ ಆಯ್ತು ಅಂತ ಯಂತ್ರ ಅದನ್ನ ಮುಚ್ಚಿಬಿಡುತ್ತೆ. ಒಂದು ಕೊಡಿ. ಒಂದು ಬಿದ್ದರೆ ಮಾತ್ರ ಮನುಷ್ಯರ ಕೈಗೆ ಹೋಗೋದು. ನಾನು ಬರೀ ಕೇಬಲ್ ಚುಚ್ಚೋನು, ಮೇಲಿನವರು ಹೇಳಿದರೆ ನಾಳೇನೇ ಚುಚ್ತೀನಿ."

ಅರಚುವುದು ಸುಲಭವಾಗಿತ್ತು. ಒಂದೇ ನಕ್ಷತ್ರ ಕೊಡುವುದಿದೆಯಲ್ಲ, ಅದಕ್ಕೆ ಎದೆ ಗಟ್ಟಿ ಬೇಕು. ಆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು, ನಕ್ಷತ್ರ ಕೇಳಿ ಯಂತ್ರ ಬರೆದಿದ್ದ ಕೊನೆಯ ಪತ್ರ ತೆರೆದು, ಸಂಕೋಚಪ್ಪನವರು ಮೂರಕ್ಕೆ ಚೌಕಾಸಿ ಮಾಡಿದರು. ಹೆಂಡತಿ ಒಪ್ಪಲಿಲ್ಲ. ಎರಡಾದರೂ ಅಂದರು. "ಕೈ ಕೊಡಿ ಇಲ್ಲಿ," ಎಂದು ಅವಳು ಅವರ ಬೆರಳನ್ನೇ ಹಿಡಿದು ಒಂದರ ಮೇಲೆ ಒತ್ತಿಸಿದಳು. ಕೆಳಗೆ ಅನಿಸಿಕೆ ಬರೆಯುವ ಜಾಗವಿತ್ತು. ತಾವು ದಯವಿಟ್ಟು ತಪ್ಪು ತಿಳಿಯಬಾರದು, ಇದರಲ್ಲಿ ತಮ್ಮ ಯಾರ ಮೇಲೂ ನನಗೆ ಸಿಟ್ಟಿಲ್ಲ, ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಜಾಗ ತುಂಬುವವರೆಗೆ ಬರೆದರು.

ಮರುದಿನ ಆಫೀಸಿಗೆ ಕಾಲಿಡುವ ಮೊದಲೇ ಫೋನು. ಆಚೆಯಿಂದ ಗಾಬರಿಯ ದನಿ, ಅದೂ ಅಪ್ಪಟ ಮನುಷ್ಯರದು. "ಸರ್, ಏನಾಯ್ತು ಸರ್? ಐದರಿಂದ ಒಂದಕ್ಕೆ ಇಳಿದುಬಿಟ್ರಲ್ಲ! ನಮ್ಮಿಂದ ಏನು ತಪ್ಪಾಯ್ತು?" ಸಂಕೋಚಪ್ಪನವರು ಹೇಳಿದರು. ತೊದಲಿದರು, ಆದರೂ ಪೂರ್ತಿ ಹೇಳಿದರು. ವಿಶ್ವವಿದ್ಯಾಲಯಗಳ ನೆಟ್‌ವರ್ಕು ನಿಮ್ಮ ಪಕ್ಕದಲ್ಲೇ ಇದೆ, ನೇರ ಜೋಡಿಸಿದರೆ ನಮ್ಮವರಿಗೆಲ್ಲ ಅನುಕೂಲ, ನಿಮಗೂ ಸಮುದ್ರ ದಾಟುವ ಭಾರ ತಪ್ಪುತ್ತದೆ ಅಂದರು. ಆಚೆಯವರು, "ಅಷ್ಟೇನಾ?" ಅಂದರು.

ಅಷ್ಟೇ. ಆ ವಾರದಲ್ಲೇ ಗಡ್ಡದವರು ಬಲೆಯ ಮೇಲಿನ ಸಂದಿಯಿಂದ ಒಂದು ಹಳದಿ ಕೇಬಲ್ ಇಳಿಬಿಟ್ಟರು. ಈಚೆಯಿಂದ ಸಂಕೋಚಪ್ಪನವರು ಹಿಡಿದು ಚುಚ್ಚಿದರು. ಹಸಿರು ದೀಪ ಮಿನುಗಿತು.

ಕಪ್ಪೆ ಮೇಡಂ ತಮ್ಮ ಕೋಣೆಯಲ್ಲಿ ಕೂತು ಒಂದು ಕೆರೆಯ ಕೂಗು ಕಳಿಸಿದರು. ಹೋಗುವುದಕ್ಕೆ ಹೊತ್ತಾಗುತ್ತದೆಂದು ಎದ್ದು ಕಾಫಿಗೆ ಹೊರಟವರು ಬಾಗಿಲು ದಾಟುವ ಮುಂಚೆಯೇ ಮುಗಿದಿತ್ತು. ನಂಬಿಕೆ ಬರಲಿಲ್ಲ. ಮತ್ತೆ ಕಳಿಸಿದರು, ಇನ್ನೊಮ್ಮೆ ಕಳಿಸಿದರು. ಆ ಕೆರೆಯಲ್ಲಿ ಕಪ್ಪೆಗಳ ಸಂಖ್ಯೆ ಏಕಾಏಕಿ ಮೂರು ಪಟ್ಟು ಹೆಚ್ಚಿದೆ ಎಂದು ಕ್ಲೌಡಿನ ಲೆಕ್ಕ ಸಂಭ್ರಮದಿಂದ ವರದಿ ಕೊಟ್ಟಿತು. ಅದನ್ನು ಸರಿಪಡಿಸಲು ಮೇಡಂ ಅವರಿಗೆ ಒಂದಿಡೀ ದಿನ ಹಿಡಿಯಿತು.

ಈಗ ಸಂಕೋಚಪ್ಪನವರೂ ಗಡ್ಡದವರೂ ಕೆಲಸದ ನಡುವೆ ಕಟ್ಟಡದ ಹೊರಗಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ಒಟ್ಟಿಗೆ ಚಹಾ ಕುಡಿಯುತ್ತಾರೆ. ಮೊದಲ ದಿನ ಮನೆಗೆ ಬಂದಾಗ ಹೆಂಡತಿಗೆ ಕುತೂಹಲ ತಡೆಯಲಿಲ್ಲ.

"ಏನು ಮಾತಾಡಿದ್ರಿ?"

"ಏನೂ ಇಲ್ಲ," ಅಂದರು ಸಂಕೋಚಪ್ಪನವರು ಚಪ್ಪಲಿ ಬಿಡುತ್ತಾ. "ಅವರದ್ದೂ ನನ್ನ ಹಾಗೇ ಸ್ವಭಾವ. ತುಂಬಾ ಚೆನ್ನಾಗಿತ್ತು."