ಕುದಿಯೋ ಬ್ಯಾಟ್ರಿಗೊಂದು ಸೂಜಿ

ಕಿವಿ ಮಂದ ಆದವರು ಅದನ್ನ ಎಂದೂ ಒಪ್ಪಂಗಿಲ್ಲ ನೋಡ್ರಿ; ಜಗತ್ತೇ ಸಣ್ಣ ದನಿಲೆ ಮಾತಾಡ್ಲಿಕತ್ತದ ಅಂತಾರ. ಜಹೀರಾಬಾದಿನ ಸಡಕಿನ ಮ್ಯಾಲ ಬ್ಯಾಟ್ರಿ ಚಾರ್ಜಿಂಗ್ ದುಕಾನ ಇಟ್ಟಿದ್ದ ನನ್ನ ಗೆಳೆಯ ಮಲ್ಲಪ್ಪ ಅಂತೂ, "ಈಗಿನ ಬ್ಯಾಟ್ರಿಗೆ ಕಸುವಿಲ್ಲೋ, ಕುದ್ರೂ ಸಪ್ಪಳ ಮಾಡಂಗಿಲ್ಲ" ಅಂತಿದ್ದ.

ಅವನ ಕಸಬೇ ಕಿವಿ ಮ್ಯಾಲ ನಿಂತಿತ್ತು. ಲಾರಿ, ಟ್ರ್ಯಾಕ್ಟರಿನ ಬ್ಯಾಟ್ರಿಗೆ ಕಿವಿ ಹಚ್ಚಿ, ಒಳಗ ಗುಳುಗುಳು ಅಂದ್ರ ತುಂಬೇದ ಅಂತ ತಂತಿ ಬಿಚ್ಚೋದು. ಕಿವಿ ಕೈಕೊಟ್ಟ ಮ್ಯಾಲ ಬ್ಯಾಟ್ರಿ ಕುದ್ದು ಕುದ್ದು ಕೆಟ್ಟು, ಗಿರಾಕಿ ಒಬ್ಬೊಬ್ಬರೇ ಎದುರಿನ ದುಕಾನಕ್ಕ ದಾಟಿದ್ರು. ಹಿಂಗೇ ನಡದ್ರ ಬಾಗಲಾ ಹಾಕೋದೇ. ಆಗ, ರೇಡಿಯೋ ರಿಪೇರಿಯೊಳಗ ಈ ಸೀಮಿಗೇ ನನ್ನಂಥಾವ ಇಲ್ಲ ಅಂತ ನಾನೇ ಸಾರಿಕೊಂಡು ತಿರಗತಿದ್ದ ನಾನು, ಹೈದರಾಬಾದಿನಿಂದ ಆಪ್-ಆಂಪ್ ಅನ್ನೋ ಎಂಟು ಕಾಲಿನ ಸಣ್ಣ ಚಿಪ್ ಒಂದು ತಂದೆ.

"ಏನಲೇ ಇದು, ದನದ ಉಣ್ಣಿ?"

"ಹೂಂ, ಉಣ್ಣಿನೇ. ದಿನಾ ಬೆಲ್ಲ ಇಡಬೇಕು."

ಪುಣ್ಯಾತ್ಮ ಖರೇನೇ ಬೆಲ್ಲ ತಂದಿಟ್ಟ. ನಾನೇ ತಿಂದೆ.

ಬ್ಯಾಟ್ರಿಗೆ ಕರೆಂಟ್ ಹೋಗೋ ದಾರಿಯೊಳಗ ಬೆರಳುದ್ದದ ಹೀಟರ್ ತಂತಿ ತುಂಡು ಸೇರಿಸಿದೆ. ಕರೆಂಟ್ ಹಾಯುವಾಗ ಅದರ ಎರಡು ತುದಿ ನಡುವ ವೋಲ್ಟೇಜು ಸಾಸಿವಿಕಾಳಷ್ಟು ಇಳೀತದ. ಬ್ಯಾಟ್ರಿ ತುಂಬಿ ಕರೆಂಟ್ ಕಡಿಮಿ ಆದಂಗ ಅದೂ ಕಡಿಮಿ. ಆ ಸಾಸಿವಿಯನ್ನ ಆಪ್-ಆಂಪ್ ಕುಂಬಳಕಾಯಿ ಮಾಡಿ ಮೀಟರಿನ ಸೂಜಿಗೆ ಕೊಡ್ತದ; ಸೂಜಿ ಕೆಳಗ ಇಳೀತಂದ್ರ ಬ್ಯಾಟ್ರಿ ತುಂಬೇದ ಅಂತ ಲೆಕ್ಕ. ಥೇಟ್ ನಮ್ಮ ಓಣಿಯ ಗಂಗತ್ತಿ: ಹೊಸ್ತಿಲದಾಗ ನಿಂತು ಚಾ ಸೈತ ಕುಡಿಯಂಗಿಲ್ಲ, ಮನಿಯೊಳಗಿನ ಪಿಸುಮಾತು ಮಾತ್ರ ಊರಿಗೆಲ್ಲ ಡಂಗುರ. ಅಳೀತೀನಿ ಅಂತ ಬಂದು ಒಂದು ತೊಟ್ಟೂ ಕರೆಂಟ್ ಕಸಿಯದ ಈ ಸೌಜನ್ಯ ಮನುಷ್ಯರೊಳಗ ನಾ ಕಂಡಿಲ್ಲ ಬಿಡ್ರಿ.

ಆದ್ರ ಮೊದಲನೇ ದಿನ ಬ್ಯಾಟ್ರಿ ಉಕ್ಕಿ ಆಸಿಡ್ ಹರಿದ್ರೂ ಸೂಜಿ ಮ್ಯಾಲೇ ನಿಂತಿತ್ತು.

"ನಿನ್ನ ಉಣ್ಣಿನೂ ನನ್ನಂಗ ಕಿವುಡೇನಲೇ?" ಅಂದ ಮಲ್ಲಪ್ಪ. ತಾನು ಕಿವುಡ ಅಂತ ಅವ ಬಾಯಿಬಿಟ್ಟಿದ್ದು ಅದೇ ಮೊದಲು. ನನಗ ನಗು ಬರಲಿಲ್ಲ.

ಸಿಟ್ಟಿಗೆ ಅವ ತಂತಿ ಜಗ್ಗಿದ, ಸೂಜಿ ಕುಣೀತು. ಆಗ ತಿಳೀತು. ನಮ್ಮ ಕಡೆ ತಂತಿಗೆ ತಂತಿ ಹೊಸೆದು ಸುತ್ತಿದ್ರ ಅದೇ ಜೋಡಣಿ. ನಾನೂ ಹಂಗೇ ಸುತ್ತಿ, ಆ ಸುತ್ತಿನ ಆಚಿಂದ ಅಳತಿ ತೊಗೊಂಡಿದ್ದೆ. ಬಿಸಿಗೆ ಹದಗೆಟ್ಟ ಸುತ್ತಿನೊಳಗ ಇಳಿಯೋ ವೋಲ್ಟೇಜೂ ಲೆಕ್ಕಕ್ಕ ಬಿದ್ದು, ಸೂಜಿ ಸುಳ್ಳು ಹೇಳಿತ್ತು. ಹೊರಿ ಎಷ್ಟದ ಅಂತ ಹೊತ್ತವನನ್ನೇ ಕೇಳಬೇಕು, ಜೋಡಿ ನಡಿಯೋರನ್ನಲ್ಲ. ಎರಡು ಸಣ್ಣ ತಂತಿ ತಂದು ಹೀಟರ್ ತುಂಡಿನ ಮೈಗೇ, ಎರಡೂ ತುದಿಗೆ ಬಿಗಿದೆ.

ಸೂಜಿ ಹೇಳಿದಂಗ ಬ್ಯಾಟ್ರಿ ತುಂಬಲಿಕ್ಕೆ ಹತ್ತಿದ್ವು. ಎದುರಿಗೆ ದಾಟಿದ್ದ ಹಳೇ ಗಿರಾಕಿ, ಊರ ಪಟೇಲ ಶರಣಪ್ಪ ಸುದ್ದಿ ಕೇಳಿ ತನ್ನ ಟ್ರ್ಯಾಕ್ಟರ್ ಬ್ಯಾಟ್ರಿ ಹೊತ್ತುಕೊಂಡು ವಾಪಸ್ ಬಂದ. ಸಂಜಿಗೆ ಸೂಜಿ ಇಳೀತು. ಆದ್ರೂ ನಂಬಿಕಿ ಸಾಲದ ಅವ ಬಗ್ಗಿ ಬ್ಯಾಟ್ರಿಗೆ ಕಿವಿ ಹಚ್ಚಿದ. ಮಲ್ಲಪ್ಪ ಮೆಲ್ಲಗ ಅವನ ಭುಜ ಹಿಡಿದು ಎಬ್ಬಿಸಿದ.

"ಸೂಜಿ ನೋಡ್ರಿ ಪಟೇಲರೇ. ಕಿವಿದೇನದ, ಇವತ್ತಿದ್ದಂಗ ನಾಳೆ ಇರಂಗಿಲ್ಲ."