ಇಪ್ಪತ್ತು ಸೆಕೆಂಡಿನ ಶಾಪ

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅದರ ಜೊತೆಗೆ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತೇನೆ, ಮೊಬೈಲಿನಲ್ಲಿ ಒಂದು ಸುದ್ದಿ ಪೇಜನ್ನೂ ನಡೆಸುತ್ತೇನೆ. ಮನವಿ ಪತ್ರ ಟೈಪ್ ಮಾಡಿಸಲು ಬರುವವರೇ ನನಗೆ ಸುದ್ದಿಯನ್ನೂ ತರುತ್ತಾರೆ. ಆಕೆ ಬಂದದ್ದೂ ಹಾಗೆಯೇ.

ಹೊಸನಗರ ತಾಲ್ಲೂಕಿನ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಂಚಿನ ಊರೊಂದರವರು. ಐವತ್ತು ದಾಟಿದ ರೈತ ಹೆಂಗಸು, ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ವರ್ಷದಿಂದ ಡಾಕ್ಟರಿರಲಿಲ್ಲ. ಒಂದೇ ಮನವಿಯನ್ನು ತಾರೀಖು ಬದಲಿಸಿ ನಾಲ್ಕು ಸಲ ಟೈಪ್ ಮಾಡಿಕೊಟ್ಟೆ. ಪತ್ರಿಕೆಯ ಒಳಪುಟದಲ್ಲಿ ಎರಡು ಸಲ ಸುದ್ದಿ ಬಂತು. ಯಾರೂ ಕದಲಲಿಲ್ಲ.

ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಸಮಾವೇಶ ಗೊತ್ತಾಯಿತು. ಬೆಳೆಗಾರರು ಕರೆದರೆ ಒಲ್ಲೆ ಅನ್ನುವ ರಾಜಕಾರಣಿ ನಮ್ಮ ಕಡೆ ಇಲ್ಲ. ಸಚಿವರೊಬ್ಬರು ಸಾಗರದಿಂದ ಹೊಸನಗರದ ಮೇಲೆ ಅಲ್ಲಿಗೆ ಹೋಗುತ್ತಾರೆ ಎಂದು ಆಕೆಗೆ ಫೋನ್ ಮಾಡಿ ಹೇಳಿದವನು ನಾನೇ. ಸುದ್ದಿ ಬರೆಯುವವನು ಹೀಗೆ ಸುದ್ದಿ ಹುಟ್ಟಿಸಬಹುದೇ ಎಂದು ಆಗ ಯೋಚಿಸಲಿಲ್ಲ.

ಆ ದಿನ ಬೆಳಿಗ್ಗೆ ಹತ್ತಕ್ಕೇ ಮೂವತ್ತು ಹೆಂಗಸರು ಹೊಸನಗರದ ರಸ್ತೆಗೆ ಅಡ್ಡ ಕುಳಿತಿದ್ದರು. ಸಚಿವರ ಕಾರು ನಿಂತಿತು. ಪೊಲೀಸರು ಎಬ್ಬಿಸಲು ಬಂದಾಗ ಸಚಿವರೇ ಬೇಡವೆಂದು ಕೆಳಗಿಳಿದರು. ಆಕೆ ಹನ್ನೊಂದು ನಿಮಿಷ ಮಾತಾಡಿದರು. ಹೆರಿಗೆ ನೋವು ಬಂದವಳನ್ನು ಜೀಪಿನಲ್ಲಿ ಸಾಗರಕ್ಕೆ ಸಾಗಿಸಿದ್ದು, ಹಾವು ಕಚ್ಚಿದ ಮೈದುನ ದಾರಿಯಲ್ಲೇ ತೀರಿಕೊಂಡದ್ದು, ಎಲ್ಲವನ್ನೂ ತಡವರಿಸದೆ ಹೇಳಿದರು. ನಾನು ಮೊಬೈಲ್ ಹಿಡಿದು ನಿಂತಿದ್ದೆ. ಕೊನೆಯಲ್ಲಿ ಅವರೆಂದರು:

"ನೀವೂ ಒಂದಿನ ಜ್ವರ ಬಂದು ನಮ್ಮ ಆಸ್ಪತ್ರೇಲಿ ಮಲಗ್ಬೇಕು ಸಾರ್, ಆಗ ಗೊತ್ತಾಗತ್ತೆ. ನಿಮಗೆ ಕೆಟ್ಟದಾಗ್ಲಿ ಅಂತ ಹೇಳ್ತಿಲ್ಲ. ನಮ್ಮ ಕಷ್ಟ ಕಣ್ಣಿಗೆ ಬೀಳ್ಲಿ ಅಂತ."

ನೋಡುತ್ತೇನೆ ಎಂದು ಕೈಮುಗಿದು ಸಚಿವರು ಹೋದರು. ನಾನೂ ಹಿಂದೆಯೇ ತೀರ್ಥಹಳ್ಳಿಗೆ ಹೋದೆ. ವೇದಿಕೆಯಲ್ಲಿ ಬೆಳೆಗಾರರ ಬೇಡಿಕೆಗಳಿಗೆ ಒಂದೊಂದಾಗಿ ಒಪ್ಪಿಗೆ ಸಿಕ್ಕಿತು. ಹಿನ್ನೀರಿನ ಆಸ್ಪತ್ರೆಯ ಹೆಸರು ಅಲ್ಲಿ ಬರಲೇ ಇಲ್ಲ. ನನಗೆ ಸಿಟ್ಟು ಬಂತು. ಊಟದ ಚಪ್ಪರದ ಹಿಂದೆ ಕುಳಿತು ವಿಡಿಯೊ ಕತ್ತರಿಸಿದೆ. 'ಆಗ ಗೊತ್ತಾಗತ್ತೆ' ಎಂಬಲ್ಲಿಗೆ ನಿಲ್ಲಿಸಿದೆ. ಮುಂದಿನ ಎರಡು ಮಾತು ಇದ್ದರೆ ಬಿಸಿ ಆರುತ್ತದೆ ಅನ್ನಿಸಿತ್ತು. ಉಳಿದದ್ದು ಇಪ್ಪತ್ತು ಸೆಕೆಂಡು. ಅದನ್ನು ಅಲ್ಲಿಂದಲೇ ಪೇಜಿಗೆ ಹಾಕಿದೆ.

ಸಂಜೆಯೊಳಗೆ ಅದು ನನ್ನ ಕೈ ಮೀರಿತ್ತು. ಟಿವಿಯೊಂದು 'ಸಚಿವರಿಗೆ ಶಾಪ ಹಾಕಿದ ಮಹಿಳೆ' ಎಂದು ತೋರಿಸಿತು. ಸಚಿವರ ಕಡೆಯವರು ಆಕೆಯನ್ನು ಬಾಯಿಗೆ ಬಂದಂತೆ ಬೈದರು. ಎದುರು ಪಕ್ಷದವರು ಆಕೆಯನ್ನು ಕೇಳದೆಯೇ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದರು. ಎಂಟನೆಯ ದಿನ ಆಸ್ಪತ್ರೆಗೆ ಡಾಕ್ಟರು ಬಂದರು. ಅದೇ ವಾರ, ಪಕ್ಷದವಳ ಹಿಂದೆ ನಾವಿಲ್ಲ ಎಂದು ಸಂಘದವರು ಆಕೆಯನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು.

ಪೂರ್ತಿ ಹನ್ನೊಂದು ನಿಮಿಷವನ್ನೂ ಪೇಜಿಗೆ ಹಾಕಿದೆ. ನೋಡುವವರೇ ಇರಲಿಲ್ಲ. ಕೂತಲ್ಲಿ ಕೂರಲಾಗದೆ ಒಂದು ಬೆಳಿಗ್ಗೆ ಬೈಕ್ ಹತ್ತಿ ಅವರ ಊರಿಗೆ ಹೋದೆ.

ಆಕೆ ಬೈಯಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟರು. ತಪ್ಪಾಯಿತು ಅಕ್ಕ, ಆ ಮಾತನ್ನು ಕತ್ತರಿಸಬಾರದಿತ್ತು ಎಂದೆ. ಅವರು ಲೋಟ ಕೆಳಗಿಟ್ಟರು.

"ಡಾಕ್ಟ್ರು ಬಂದ್ರಲ್ಲ ತಮ್ಮ, ಅದು ನಾನು ಮಾತಾಡಿದ್ದಕ್ಕಾ, ನೀನು ಕತ್ತರಿಸಿದ್ದಕ್ಕಾ?"

ಉತ್ತರಕ್ಕೆ ಅವರು ಕಾಯಲಿಲ್ಲ. ಬಿಪಿ ಮಾತ್ರೆ ಮುಗಿದಿದೆ, ಆಸ್ಪತ್ರೆಗೆ ಹೋಗಬೇಕು ಎಂದು ಎದ್ದರು. ನಾನೂ ಜೊತೆಗೆ ನಡೆದೆ. ಆಸ್ಪತ್ರೆಯ ಜಗಲಿಯ ತುಂಬ ಜನ. ಕೆಲವರು ಆಕೆಯನ್ನು ನೋಡಿ ಮುಖ ತಿರುಗಿಸಿದರು. ಒಬ್ಬ ಮುದುಕಿ ಮಾತ್ರ ಸರಿದು ಜಾಗ ಕೊಟ್ಟಳು. ಸರದಿ ಬಂದಾಗ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಚೀಟಿ ಬರೆಯುತ್ತ ತಲೆಯೆತ್ತಿದರು.

"ಆ ವಿಡಿಯೊದಲ್ಲಿದ್ದೋರು ನೀವೇ ಅಲ್ವಾ?"

"ಅಲ್ಲ," ಎಂದರು ಆಕೆ. ಮಾತ್ರೆ ತೆಗೆದುಕೊಂಡು, ನನ್ನನ್ನು ದಾಟಿ, ಮನೆಯ ದಾರಿ ಹಿಡಿದರು. ನಾನು ಹಿಂಬಾಲಿಸಲಿಲ್ಲ.

ಸಾಗರಕ್ಕೆ ಮರಳುವಾಗ ಫೋನ್ ಬಂತು. ಬೈಕ್ ನಿಲ್ಲಿಸಿ ಎತ್ತಿದೆ. ಇನ್ನೊಂದು ಸಂಘದ ಕಾರ್ಯದರ್ಶಿ. ಸೋಮವಾರ ತಾಲ್ಲೂಕು ಕಚೇರಿ ಎದುರು ಧರಣಿಯಿದೆ, ಬರಬೇಕು ಎಂದರು. ಆ ಹೆಂಗಸಿನ ವಿಡಿಯೊದ ಹಾಗೆಯೇ ಒಂದು ಆಗಬೇಕಂತೆ, ಅಧಿಕಾರಿಗಳನ್ನು ಬೈಯುವವರನ್ನೂ ಈಗಲೇ ಗೊತ್ತುಮಾಡಿದ್ದಾರಂತೆ. ಬೇಡ ಎನ್ನಬೇಕೆಂದುಕೊಂಡೆ. ಆದರೆ ಬಾಯಿಂದ ಬಂದದ್ದು, ಎಷ್ಟು ಗಂಟೆಗೆ ಎಂಬ ಪ್ರಶ್ನೆ.